ಚೌಕಾಶಿ ಮುಗಿಯದ ಶೇರವಾನಿ

ಮೊಮ್ಮಗಳು ಕವಿತಾಳಿಗೆ ಬಸವಕಲ್ಯಾಣದ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ. ಸೀರೆ ತೋರಿಸುವ ಕೆಲಸ. ಮೊದಲ ವಾರ ಬರೀ ತರಬೇತಿ. ಗಿರಾಕಿ ಒಳಗೆ ಬಂದರೆ ಎಷ್ಟು ನಗಬೇಕು, ಯಾವಾಗ ನೀರು ಕೊಡಬೇಕು, ಹೆಸರು ಕೇಳಿ ಮೊಬೈಲಿನಲ್ಲಿ ಹೇಗೆ ಇಟ್ಟುಕೊಳ್ಳಬೇಕು ಎಂದೆಲ್ಲ ಕಲಿಸಿದರಂತೆ. ಅಂಗಡಿಯವರು ಹೇಳಿದ ಬಣ್ಣದ ಸೀರೆ ಹುಡುಕಲು ನನ್ನ ಟ್ರಂಕು ತೆಗೆದಳು. ಡಾಂಬರ ಗುಳಿಗೆಯ ವಾಸನೆ ಮನೆ ತುಂಬ ಹರಡಿತು. ಅಡುಗೆಮನೆಯಲ್ಲಿ ಮಗಳು ಕೆಮ್ಮಿದಳು.

“ಆಯಿ, ಇದು ಯಾರದು?”

ಕವಿತಾ ಎತ್ತಿ ಹಿಡಿದದ್ದು ಕರಿ ಉಣ್ಣೆಯ ಶೇರವಾನಿ. ಅದರ ಎಡ ತೋಳಿನ ತುದಿಯಲ್ಲಿ ಒಂದು ತೂತು ಇದೆ. ಅದರೊಳಗೆ ಬೆರಳು ತೂರಿಸಿ, “ಹುಳ ತಿಂದದ ನೋಡು,” ಅಂದಳು.

“ನನ್ನದು,” ಅಂದೆ.

“ನಿಂದಾ? ಗಂಡಸರದು ಅದ ಇದು.”

“ಗಂಡಸರದೇ. ತಗೊಂಡಾಕಿ ನಾನು. ಮಡಚಿ ಇಡು.”

ಅವಳು ಮಡಚಲಿಲ್ಲ, ಹೆಗಲ ಮೇಲೆ ಹಾಕಿಕೊಂಡು ಕನ್ನಡಿಯ ಮುಂದೆ ಹೋದಳು. ನಾನು ಅಲ್ಲೇ ಕುಳಿತೆ. ಆ ವಾಸನೆ ಮೂಗಿಗೆ ಬಿದ್ದರೆ ನನಗೆ ಹುಮನಾಬಾದಿನ ಮೊದಲ ಮಳೆಗಾಲ ನೆನಪಾಗುತ್ತದೆ. ಸುಖದ ಕಾಲ ಅಂತ ಅಲ್ಲ. ಅಷ್ಟು ಒಂಟಿಯಾಗಿ ನಾನು ಹಿಂದೆ ಇರಲಿಲ್ಲ.

ನಮ್ಮದು ಹಳೇ ಬಟ್ಟೆ ತೆಗೆದುಕೊಂಡು ಸ್ಟೀಲಿನ ಪಾತ್ರೆ ಕೊಡುವ ಕಸುಬು. ತಲೆಯ ಮೇಲೆ ಪಾತ್ರೆಯ ಬುಟ್ಟಿ, ಬೆನ್ನಿಗೆ ಬಟ್ಟೆಯ ಗಂಟು. ನಮಗೆ ಹೊಲ ಇಲ್ಲ, ಅಂಗಡಿ ಇಲ್ಲ. ಆಸ್ತಿ ಎಂದರೆ ಓಣಿ. ಇಂಥ ಓಣಿ ಇಂಥವರದು ಎಂದು ನಮ್ಮ ನಮ್ಮಲ್ಲೇ ಹಂಚಿಕೆ ಇರುತ್ತದೆ. ಒಬ್ಬರ ಓಣಿಯಲ್ಲಿ ಇನ್ನೊಬ್ಬರು ಕೂಗುವ ಹಾಗಿಲ್ಲ. ಬಸವಕಲ್ಯಾಣದ ಕೋಟೆ ಕಡೆಯ ಓಣಿಗಳು ನನ್ನ ಗಂಡನವು. ಅವನು ಸತ್ತ ಮೇಲೆ ಮೈದುನ ದತ್ತು ಬಂದು ಕುಳಿತ.

“ವೈನಿ, ಓಣಿ ಗಂಡಸರ ಹೆಸರಿಲೇ ಇರ್ತಾವ. ನಾ ನೋಡ್ಕೋತೀನಿ. ನೀ ನನ್ನ ಹೇಣ್ತಿ ಹಿಂದ ಬುಟ್ಟಿ ಹೊರು. ರೊಟ್ಟಿಗೇನು ಕಮ್ಮಿ ಮಾಡಂಗಿಲ್ಲ.”

ಅಷ್ಟು ವರ್ಷ ಆ ಓಣಿಗಳಲ್ಲಿ ಕೂಗಿದ್ದು ನಾನು. ಗಂಡ ಗಂಟು ಹೊತ್ತು ಹಿಂದೆ ಬರುತ್ತಿದ್ದ. ಅದನ್ನು ಹೇಳಿದರೆ ಯಾರು ಕೇಳುತ್ತಾರೆ? ಮಗಳು ಅದೇ ಊರಲ್ಲಿ ಗಂಡನ ಮನೆಯಲ್ಲಿದ್ದಳು, ಆಗ ಅವಳ ಅತ್ತೆ ಬದುಕಿದ್ದರು, ಅಲ್ಲಿ ಹೋಗಿ ಕೂರುವ ಹಾಗಿರಲಿಲ್ಲ.

“ಹುಮನಾಬಾದಿನಾಗ ನಮ್ಮವರು ಯಾರೂ ಇಲ್ಲ. ಅಲ್ಲಿ ಹೋಗ್ತೀನಿ,” ಅಂದೆ.

ದತ್ತು ನಕ್ಕ. “ಹೋಗು. ದೀಪಾವಳಿ ತನ ನೋಡು. ಓಣಿ ಸಿಕ್ತೋ ನಿಂದು. ಸಿಗಲಿಲ್ಲೋ, ಬಾಯಿ ಮುಚ್ಚಿಕೊಂಡು ನಮ್ಮನೀಗಿ ಬಾ.”

ದಸರೆ ದೀಪಾವಳಿಗೆ ಮನೆಗಳು ಸ್ವಚ್ಛವಾಗುತ್ತವೆ, ಟ್ರಂಕುಗಳು ಬಿಚ್ಚುತ್ತವೆ. ನಮ್ಮ ಸುಗ್ಗಿ ಅದು. ಅಷ್ಟರೊಳಗೆ ನನ್ನದು ಎನ್ನುವ ಒಂದು ಓಣಿಯಾದರೂ ಇರದಿದ್ದರೆ ಉಳಿದ ಆಯುಷ್ಯ ದತ್ತುವಿನ ಹೆಂಡತಿಯ ಹಿಂದೆ ನಡೆಯಬೇಕು. ಅವಳ ನಾಲಿಗೆ ನನಗೆ ಗೊತ್ತಿತ್ತು.

ಮಿರಗದ ಮಳೆ ಶುರುವಾದ ವಾರ ಹುಮನಾಬಾದಿನ ಬಸ್ಸು ಹತ್ತಿದೆ. ಹೆದ್ದಾರಿಯ ಗ್ಯಾರೇಜುಗಳ ಹಿಂದೆ ಒಂದು ತಗಡಿನ ಕೋಣೆ ಸಿಕ್ಕಿತು. ಮಳೆ ಬಂದರೆ ನನ್ನ ಕೆಮ್ಮು ನನಗೇ ಕೇಳುತ್ತಿರಲಿಲ್ಲ. ಕರಿಮಣ್ಣಿನ ರಾಡಿ ಹೆಜ್ಜೆಹೆಜ್ಜೆಗೆ ಚಪ್ಪಲಿ ಕಿತ್ತುಕೊಳ್ಳುತ್ತಿತ್ತು. ಚಪ್ಪಲಿ ಕೈಯಲ್ಲಿ ಹಿಡಿದು, ಬುಟ್ಟಿ ತಲೆಯ ಮೇಲೆ ಇಟ್ಟು ಓಣಿ ಓಣಿ ಅಲೆದೆ.

ಮಳೆಗಾಲದಲ್ಲಿ ಹಳೇ ಬಟ್ಟೆ ಯಾರೂ ಕೊಡುವುದಿಲ್ಲ. ನೆಲ ಒರೆಸಲಿಕ್ಕೆ, ಬಾಗಿಲ ಸಂದಿಗೆ ತುರುಕಲಿಕ್ಕೆ ಅವರಿಗೇ ಬೇಕು. ಅಲ್ಲೊಂದು ಇಲ್ಲೊಂದು ಬಾಗಿಲು ತೆರೆದರೂ ನನ್ನ ಬಾಯಿಯೇ ಅದನ್ನು ಮುಚ್ಚಿಸುತ್ತಿತ್ತು. ಗಂಡನಿಂದ ಕಲಿತ ವ್ಯಾಪಾರ ಒಂದೇ: ಬಟ್ಟೆಯನ್ನು ಬೆಳಕಿಗೆ ಹಿಡಿದು ಹೆಸರಿಡುವುದು, ಕೊರತೆ ಎತ್ತಿ ಬೆಲೆ ಇಳಿಸುವುದು. ಕಾಲರು ಹರಿದಿದೆ, ಬಣ್ಣ ಹೋಗಿದೆ, ಕಲೆ ಬಿದ್ದಿದೆ. ಕಲ್ಯಾಣದಲ್ಲಿ ಗುರುತಿನ ಹೆಂಗಸರು ನಕ್ಕು ಇನ್ನೊಂದು ಅಂಗಿ ಸೇರಿಸುತ್ತಿದ್ದರು. ಇಲ್ಲಿ ಗುರುತಿಲ್ಲದವಳು ಬಂದು ಗಂಡನ ಅಂಗಿಗೆ ಹೆಸರಿಟ್ಟರೆ ಯಾರು ಸಹಿಸುತ್ತಾರೆ? “ಹರಿದದ್ದು ನಿನಗ್ಯಾಕ ಬೇಕವ್ವ, ಮುಂದಕ್ಕ ಹೋಗು,” ಎಂದು ಬಾಗಿಲು ಹಾಕಿಕೊಂಡರು.

ಸಂಜೆ ಕೋಣೆಗೆ ಬಂದು, ಸಿಕ್ಕಷ್ಟನ್ನು ಆರಿಸುತ್ತಿದ್ದೆ. ಗಟ್ಟಿ ಇದ್ದದ್ದನ್ನು ಒಗೆದು ಸಂತೆಯ ವ್ಯಾಪಾರಿಗೆ, ಹರಿದದ್ದನ್ನು ಎಣ್ಣೆ ಒರೆಸಲು ಗ್ಯಾರೇಜಿನವರಿಗೆ. ಹೊರಗೆ ಒಣಗಲು ಜಾಗವಿಲ್ಲ, ಕೋಣೆಯೊಳಗೇ ಹಗ್ಗ ಕಟ್ಟಿದ್ದೆ. ಯಾರ್ಯಾರದೋ ಅಂಗಿ, ಲಂಗ, ಶಾಲೆ ಹುಡುಗರ ಚಡ್ಡಿ ಸಾಲಾಗಿ ತೂಗುತ್ತಿದ್ದವು. ತುಂಬಿದ ಸಂಸಾರ ಇದ್ದ ಹಾಗೆ ಕಾಣುತ್ತಿತ್ತು, ಮನುಷ್ಯರು ಮಾತ್ರ ಇರಲಿಲ್ಲ. ಒಂದು ದಿನ ಒಲೆ ಹಚ್ಚುವಾಗ ಹೊಳೆಯಿತು: ಬೆಳಗಿನಿಂದ ನನ್ನ ಬಾಯಿಂದ ಬಂದ ಮಾತು ‘ಹಳೇ ಬಟ್ಟೀಗಿ ಪಾತ್ರೀ’ ಒಂದೇ. ಅದಕ್ಕೂ ಯಾರೂ ಓ ಅಂದಿರಲಿಲ್ಲ. ಅತ್ತುಬಿಟ್ಟೆ ಎಂದು ತಿಳಿಯಬೇಡಿ. ರೊಟ್ಟಿ ಬಡಿದು ಉಂಡು ಮಲಗಿದೆ.

ಖಾಲಾ ಸಿಕ್ಕದ್ದು ಆಷಾಢದ ಒಂದು ಗುರುವಾರ. ಹೆಸರು ಜುಬೇದಾಬಿ. ಅವರ ಓಣಿಯಲ್ಲಿ ಅರ್ಧ ಮುಸ್ಲಿಮರ ಮನೆ, ಅರ್ಧ ಹಿಂದೂಗಳವು. ಎಲ್ಲರಿಗೂ ಅವರು ಖಾಲಾ, ಅಂದರೆ ಚಿಕ್ಕಮ್ಮ. ಮಳೆ ಜೋರಾಗಿ ಅವರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದೆ. ಒಳಗಿನಿಂದ ದಪ್ಪ ಕನ್ನಡಕದ ಮುದುಕಿ ಬಂದು, ನೀನು ಯಾರು ಎತ್ತ ಎಂದು ಕೇಳದೆ, ಒಂದು ಶೇರವಾನಿ ತಂದು ನನ್ನ ತೊಡೆಯ ಮೇಲೆ ಹಾಕಿದರು. ಡಾಂಬರ ಗುಳಿಗೆಯ ವಾಸನೆ ಗಪ್ಪೆಂದು ಬಂತು.

“ಇದಕ್ಕ ಏನ್ ಕೊಡ್ತಿ?”

ಬೆಳಕಿಗೆ ಹಿಡಿದೆ. “ಹುಳ ತಿಂದದ್ರಿ. ಒಂದು ಲೋಟ ಕೊಡ್ತೀನಿ.”

ಖಾಲಾ ಶೇರವಾನಿ ಕಸಿದುಕೊಂಡರು. “ಹುಳ ನಿನ್ನ ಕಣ್ಣಾಗ ಬಿದ್ದದ! ಇದು ಹುಳ ತಿಂದದ್ದಲ್ಲ. ಏಳು, ನಡಿ ಇಲ್ಲಿಂದ.”

ಮಳೆ ಹೊಯ್ಯುತ್ತಿತ್ತು. ಎದ್ದರೆ ತೋಯಬೇಕು. ಇನ್ನಷ್ಟು ಹೊತ್ತು ಕುಳಿತುಕೊಳ್ಳಲು ಒಂದು ನೆವ ಬೇಕಿತ್ತು, ಕೇಳಿದೆ: “ಮತ್ತ ಹ್ಯಾಂಗ ಆತ್ರಿ?”

ಖಾಲಾ ನನ್ನನ್ನು ನೋಡಿದರು. ಆಮೇಲೆ ಎದುರಿಗೆ ಕುಳಿತೇಬಿಟ್ಟರು.

“ನಮ್ಮ ಮನಿಯವರು ಶಾದಿ ದಿನ ಇದನ್ನ ಹಾಕ್ಕೊಂಡು ಕುಂತಿದ್ರು. ಬೀಡಿ ಚಟ. ಕದ್ದು ಒಂದು ಹಚ್ಚಿದ್ರಂತ. ಅಷ್ಟರಾಗ ಅವರ ಅಬ್ಬಾ ಬಂದ್ರು. ಎಲ್ಲಿ ಮುಚ್ಚಬೇಕು? ತೋಳಿನಾಗ ಮುಚ್ಚಿಕೊಂಡ್ರು! ಸುಟ್ಟ ವಾಸನಿ ಬಂತು. ಮಂದಿ ಎಲ್ಲ ಅಡಗಿ ಸೀದದ ಅಂತ ಅಡಗಿಯವರ ಮ್ಯಾಲ ಬಿದ್ರು. ಇವರು ಅಲುಗಾಡ್ಲಿಲ್ಲ. ಕೈ ಸುಟ್ಟರೂ ಸುಮ್ಮನ ಕುಂತ್ರು.”

ಹೇಳುತ್ತ ಹೇಳುತ್ತ ಅವರಿಗೆ ನಗು ತಡೆಯಲಿಲ್ಲ. ನಾನೂ ನಕ್ಕೆ. ಆ ಊರಿಗೆ ಬಂದ ಮೇಲೆ ಮೊದಲ ಸಲ ನಕ್ಕದ್ದು ಅಂತ ಕಾಣುತ್ತದೆ, ಕೆನ್ನೆ ನೊಂದವು.

“ಊರು ಯಾವುದು?”

“ಕಲ್ಯಾಣರಿ.”

“ಕಲ್ಯಾಣದಾಕಿ, ಬರೋ ಗುರುವಾರ ಬಾ. ಲೋಟ ಗೀಟ ತರಬ್ಯಾಡ. ಚೊಲೋ ಮಾಲು ತಾ, ಮಾತಾಡೋಣು.”

ಗುರುವಾರ ಹೋದೆ. ಶೇರವಾನಿ ಹೊರಗೆ ಬಂತು.

“ಒಂದು ಚರಗಿ ಕೊಡ್ತೀನ್ರಿ ಖಾಲಾ.”

“ಚರಗಿ? ಇದನ್ನ ಹೊಲಿಸಿದಾಗ ನಿನ್ನ ಚರಗಿ ಮಾಡಾಂವ ಹುಟ್ಟಿದ್ದಿಲ್ಲ.”

“ಅಂದ್ರ ಚರಗಿ ಹೊಸಾದು, ಶೇರವಾನಿ ಹಳೀದು. ನನ್ನ ಮಾತು ನೀವೇ ಹೇಳಿದ್ರಿ.”

“ಏ ಕಲ್ಯಾಣದಾಕಿ, ನಾಲಿಗಿ ಭಾಳ ಉದ್ದ ಅದ ನಿಂದು!”

“ಉದ್ದ ಇಲ್ಲಂದ್ರ ನಿಮ್ಮ ಮುಂದ ಉಳೀತೀನೇನ್ರಿ?”

ಮೂರ್ನಾಲ್ಕು ಗುರುವಾರ ಕಳೆದ ಮೇಲೆ ತಿಳಿಯಿತು, ಖಾಲಾ ಅದನ್ನು ಕೊಡುವವರಲ್ಲ. ನಾನು ಚರಗಿಯಿಂದ ಪರಾತಕ್ಕೆ ಏರಿದರೆ ಅವರು ಹಂಡೆಗೆ ಏರುತ್ತಿದ್ದರು. ಹಂಡೆ ಎಂದಿದ್ದರೆ ಬುಟ್ಟಿಯನ್ನೇ ಕೇಳುತ್ತಿದ್ದರು. ನನಗೆ ತಿಳಿದಿದೆ ಎಂದು ಅವರಿಗೂ ತಿಳಿದಿತ್ತು. ಇಬ್ಬರೂ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಬುಟ್ಟಿ ಎತ್ತಿಕೊಂಡು ಹೋಗಬೇಕಾಗಿತ್ತು, ಅವರು ಒಳಗೆ ಹೋಗಿ ಗೋಡೆ ನೋಡಬೇಕಾಗಿತ್ತು. ಗಂಡ ತೀರಿಕೊಂಡು ವರ್ಷಗಳಾಗಿದ್ದವು. ಮಗ ಹೆದ್ದಾರಿಯಲ್ಲಿ ಟೈರಿನ ಅಂಗಡಿಗೆ ಹೋದರೆ ರಾತ್ರಿಯೇ ಬರುವವನು. ಸೊಸೆ ನಸ್ರೀನ್ ಒಳ್ಳೆಯವಳೇ, ಆದರೆ ಅವಳಿಗೆ ಕೆಲಸ ತೀರದು. ಮುದುಕಿಯ ಮಾತಿಗೆ ಕೂರುವವರು ಯಾರು?

ನಮ್ಮ ಜಗಳ ಕೇಳಲು ಅಕ್ಕಪಕ್ಕದವರು ಬಾಗಿಲಿಗೆ ಬಂದು ನಿಂತರು. “ಖಾಲಾ, ಬಿಡಬ್ಯಾಡ್ರಿ!” ಅಂತ ಒಬ್ಬಳು, “ಪಾತ್ರಿಯಾಕಿ, ನೀನೂ ಬಿಡಬ್ಯಾಡ,” ಅಂತ ಇನ್ನೊಬ್ಬಳು. ನಿಂತವರು ಕುಳಿತರು. ಕುಳಿತವರು ಒಳಗೆ ಹೋಗಿ ತಮ್ಮದೂ ಒಂದೆರಡು ಬಟ್ಟೆ ತಂದರು. ನಾನು ಹೆಸರಿಡುವುದನ್ನು ಬಿಟ್ಟಿದ್ದೆ. ಅಂಗಿ ಹರಿದಿದ್ದರೆ, ಹರಿದಿದೆ ಎನ್ನುವುದಿಲ್ಲ. ಹೇಗೆ ಹರಿಯಿತು ಎಂದು ಕೇಳುವುದು. ಕೇಳಿದರೆ ಹೆಂಗಸರು ಹೇಳುತ್ತಾರೆ. ಹೇಳಿದರೆ ಆ ಮನೆಗೆ ಏನು ಬೇಕು ಎನ್ನುವುದು ತಾನಾಗಿ ತಿಳಿಯುತ್ತದೆ. ಮೂಲೆಮನೆಯ ಶರಣಮ್ಮ ಗಂಡನ ಅಂಗಿ ಕೊಡುವಾಗ, “ಲಾರಿ ಮ್ಯಾಲ ಹೋಗಾಕತ್ತಾರ, ದಿನಾ ಬುತ್ತಿ ಕಟ್ಟಾಕತ್ತೀನಿ, ರೊಟ್ಟಿ ಕಟಗಿ ಆಗ್ತಾವಂತ,” ಅಂದಳು. ಮುಂದಿನ ವಾರ ನಾನು ಕಲ್ಯಾಣದಿಂದ ಬಿಗಿ ಮುಚ್ಚಳದ ಅಗಲ ಡಬ್ಬಿ ತಂದೆ. ಅವಳು ಕೇಳಿರಲಿಲ್ಲ. ಡಬ್ಬಿಯನ್ನು ನೋಡಿ, ನನ್ನನ್ನು ನೋಡಿ, ಗಂಡನ ಇನ್ನೊಂದು ಪ್ಯಾಂಟು ತಂದು ಹಾಕಿದಳು. ಕೂಗಬೇಕಾದ ಕೆಲಸವೇ ಕಡಿಮೆಯಾಯಿತು.

ಒಂದು ಕಟ್ಟಳೆ ಮಾತ್ರ ನಾನು ಮೊದಲೇ ಎಲ್ಲರಿಗೂ ಹೇಳುತ್ತಿದ್ದೆ, ನಮ್ಮ ಕಸುಬಿನವರೆಲ್ಲ ಹೇಳುತ್ತಾರೆ: ಪಾತ್ರೆ ಬೇಡವಾದರೆ ನಾನು ಮತ್ತೆ ಬಂದಾಗ ವಾಪಸು ಕೊಡಿ, ಬಟ್ಟೆ ವಾಪಸು ಕೊಡುತ್ತೇನೆ. ಒಲೆ ಏರಿತೋ, ವ್ಯಾಪಾರ ಮುಗಿಯಿತು. ಮಸಿ ಹತ್ತಿದ ಪಾತ್ರೆ ಬುಟ್ಟಿಗೆ ಬರುವುದಿಲ್ಲ.

ಇಷ್ಟಾದರೂ ಆ ಓಣಿಯಲ್ಲಿ ನನ್ನ ಜಾಗ ಕಟ್ಟೆಯ ತನಕ ಮಾತ್ರ. ಐದು ಗಂಟೆಗೆ ಎಲ್ಲರೂ ಅವರವರ ಒಲೆಗೆ ಹೋಗುತ್ತಿದ್ದರು. ನಾನು ಗಂಟು ಕಟ್ಟಿಕೊಂಡು ತಗಡಿನ ಕೋಣೆಗೆ ಬರುತ್ತಿದ್ದೆ. ಹಗ್ಗದ ಮೇಲಿನ ಅಂಗಿಗಳಲ್ಲಿ ಯಾವುದು ಯಾರದು ಎಂದು ಈಗ ಗೊತ್ತಿತ್ತು. ಅಷ್ಟೇ ವ್ಯತ್ಯಾಸ.

ಆ ವರ್ಷ ಬಕ್ರೀದು ದಸರೆಯ ಬೆನ್ನಿಗೇ ಬಂತು. ಹಬ್ಬಗಳ ಮುಂಚೆ ಖಾಲಾ ಕಣ್ಣಿನ ಪೊರೆ ತೆಗೆಸಿಕೊಂಡು ಚಿಟಗುಪ್ಪದ ಮಗಳ ಮನೆಗೆ ಹೋದರು. ಅದೇ ವಾರ ದತ್ತು ಹುಮನಾಬಾದಿಗೆ ಬಂದ. ಬಾಡಿಗೆ ಆಟೋ, ಅದರ ಮೇಲೆ ಕೂಗುವ ಭೋಂಗಾ, ಒಳಗೆ ತುಂಬ ಥಳಥಳ ಪ್ಲಾಸ್ಟಿಕ್ ಸಾಮಾನು. ಈ ಊರಲ್ಲಿ ಬಟ್ಟೆ ಸಿಗುತ್ತದೆ ಎನ್ನುವುದು ಅವನ ಕಿವಿಗೆ ಬಿದ್ದಿತ್ತು. ನಾನು ಖಾಲಾನ ಓಣಿಗೆ ಕಾಲಿಟ್ಟಾಗ ಪಕ್ಕದ ಬೀದಿಯಲ್ಲಿ ಅವನ ಭೋಂಗಾ ಕೇಳುತ್ತಿತ್ತು.

ನಸ್ರೀನ್ ಬಾಗಿಲಲ್ಲೇ ಕಾಯುತ್ತಿದ್ದಳು. ಕೈಯಲ್ಲಿ ಶೇರವಾನಿ.

“ಮೌಶಿ, ಇವತ್ತು ನನ್ನ ಜೋಡಿ ಮಾತಾಡ್ರಿ. ಅತ್ತಿಗಿ ವ್ಯಾಪಾರ ಬರಂಗಿಲ್ಲ. ಮಳಿಗಾಲ ಪೂರಾ ಚೌಕಾಶಿ ಮಾಡಿದ್ರು, ಒಂದು ಚಮಚಾನೂ ಮನಿಗಿ ಬರ್ಲಿಲ್ಲ. ಬಕ್ರೀದಿಗಿ ಅಣ್ಣನ ಮನಿ ಮಂದಿ ಬರ್ತಾರ, ನನಗ ದೊಡ್ಡ ಬೋಗುಣಿ ಬೇಕು. ಅತ್ತಿ ಬಂದು ನೋಡಿ ಖುಷ್ ಆಗಬೇಕು.”

ಪಾಪ, ಅವಳು ತಿಳಿದದ್ದರಲ್ಲಿ ತಪ್ಪೇನು? ಅತ್ತೆ ವಾರವಾರ ಮಾರಲು ಹೊರಗೆ ತರುತ್ತಾರೆ, ಬೆಲೆ ಕುದುರುವುದಿಲ್ಲ, ತಾನು ಕುದುರಿಸಿಕೊಟ್ಟರೆ ಆಯಿತು. ಇದು ಮಾರುವುದಲ್ಲ ಎಂದು ನಾನು ಹೇಗೆ ಹೇಳಲಿ? ಖಾಲಾ ಸೊಸೆಗೆ ಹೇಳದ್ದನ್ನು ಬೀದಿಯವಳು ಹೇಳಬೇಕೆ?

“ಖಾಲಾ ಬರ್ಲಿ ತಗೋ ಯವ್ವ,” ಅಂದೆ.

“ನಿಮಗ ಆಗಲ್ಲಂದ್ರ ಬಿಡ್ರಿ. ಆಟೋದಾಂವ ಬರಾಕತ್ತಾನ, ಅವನ್ನ ಕೇಳ್ತೀನಿ.”

ಭೋಂಗಾ ಓಣಿಯ ತಿರುವಿಗೆ ಬಂದಿತ್ತು. ದತ್ತುವಿನ ಕೈಗೆ ಹೋದರೆ ಶೇರವಾನಿ ಸಂಜೆಯೊಳಗೆ ಯಾವ ಗ್ಯಾರೇಜಿನ ಎಣ್ಣೆಯಲ್ಲಿ ಬೀಳುತ್ತದೋ. ಬುಟ್ಟಿಯ ತಳದಲ್ಲಿದ್ದ ಬೋಗುಣಿ ತೆಗೆದೆ. ಸುಗ್ಗಿಗೆಂದು ಇಟ್ಟಿದ್ದ ದೊಡ್ಡ ಮಾಲು ಅದು, ಒಂದೇ. ಮುಚ್ಚಳ ಸಹಿತ ಅವಳ ಮುಂದೆ ಇಟ್ಟೆ. ಅವಳು ಚೌಕಾಶಿಗೆ ತಯಾರಾಗಿ ನಿಂತವಳು ಬಾಯಿ ತೆರೆದುಕೊಂಡೇ ನಿಂತಳು.

ಶೇರವಾನಿಯನ್ನು ಹಗ್ಗಕ್ಕೆ ಹಾಕಲಿಲ್ಲ. ಹೊಸ ಗುಳಿಗೆ ತಂದು, ನನ್ನ ಒಂದು ಸೀರೆಯಲ್ಲಿ ಸುತ್ತಿ ಇಟ್ಟೆ. ಹಬ್ಬ ಮುಗಿದು ಖಾಲಾ ಬಂದದ್ದು ತಿಳಿದ ಮೇಲೆ, ಗುರುವಾರ, ಬುಟ್ಟಿಯ ಮೇಲೆ ಆ ಗಂಟು ಇಟ್ಟುಕೊಂಡು ಹೋದೆ. ಬೋಗುಣಿ ವಾಪಸು ತೆಗೆದುಕೊಂಡು ಇದನ್ನು ಕೊಟ್ಟುಬಿಡಬೇಕು ಎಂದುಕೊಂಡಿದ್ದೆ. ಖಾಲಾ ಸಿಟ್ಟಾಗಿ ನನ್ನನ್ನು ಓಣಿಯಿಂದ ಹೊರಗೆ ಹಾಕಿದರೆ, ದತ್ತು ಹೇಳಿದ ಹಾಗೆ ಆಗುತ್ತದೆ ಎನ್ನುವುದೂ ತಲೆಯಲ್ಲಿತ್ತು.

ಖಾಲಾ ಕಟ್ಟೆಯ ಮೇಲೆ ಕರಿ ಕನ್ನಡಕ ಹಾಕಿಕೊಂಡು ಕುಳಿತಿದ್ದರು. ನಾನು ಗಂಟು ಬಿಚ್ಚುವ ಮೊದಲೇ ವಾಸನೆ ಹಿಡಿದರು. ಅವರ ಮುಖದ ನಗು ನಿಂತುಹೋಯಿತು.

ಅಷ್ಟರಲ್ಲಿ ನಸ್ರೀನ್ ಬೋಗುಣಿ ಎತ್ತಿಕೊಂಡು ಹೊರಗೆ ಬಂದಳು. “ಅತ್ತಿ, ನಿಮಗ ಹೇಳಿದ್ದಿಲ್ಲ, ಮೌಶಿ ಬರ್ಲಿ ಅಂತ ತಡದಿದ್ದೆ. ನಿಮ್ಮ ಶೇರವಾನಿಗಿ ಇದನ್ನ ತಗೊಂಡೆ! ಹ್ಯಾಂಗದ?”

ಓಣಿಯ ಹೆಂಗಸರು ಆಗಲೇ ಬಾಗಿಲಿಗೆ ಬಂದಿದ್ದರು. ಖಾಲಾ ಬೋಗುಣಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸುತ್ತ ಕೈಯಾಡಿಸಿದರು. ಬೆರಳಿನಿಂದ ಬಡಿದು ನೋಡಿದರು. ಎಷ್ಟು ಹೊತ್ತು ಬಡಿದರು ಎಂದರೆ, ನಸ್ರೀನ್‌ಳ ನಗು ಕರಗುತ್ತ ಬಂತು.

“ಖಾಲಾ,” ಅಂದೆ ನಾನು, “ಬೋಗುಣಿ ವಾಪಸ್ ಕೊಡ್ರಿ. ನನಗೂ ಲುಕ್ಸಾನ್ ಆಗ್ಯ—”

“ಸುಮ್ಮನ ಕೂಡು.” ಸೊಸೆಯ ಕಡೆ ತಿರುಗಿದರು. “ಹಬ್ಬದ ಅಡಗಿ ಇದರಾಗೇ ಮಾಡಿದ್ದಿಯಲ್ಲ?”

“ಹೌದ್ರಿ ಅತ್ತಿ.”

“ಕೇಳಿದಿ ಕಲ್ಯಾಣದಾಕಿ? ಒಲಿ ಏರ್ಯಾದ. ಒಲಿ ಏರಿದ ಪಾತ್ರಿ ವಾಪಸ್ ತಗೋತಿ ಏನು? ನಿನ್ನ ಕಾಯ್ದಾ ನೀನೇ ಮುರೀತಿ?”

ಖಾಲಾ ಬೋಗುಣಿಯನ್ನು ಸೊಸೆಯ ಕೈಗೆ ಕೊಟ್ಟು, “ಚೊಲೋ ವ್ಯಾಪಾರ ಮಾಡಿದಿ ಬೇಟಿ. ನನ್ನ ಕೈಲೆ ಆಗಿದ್ದಿಲ್ಲ,” ಅಂದರು. ಓಣಿಯ ಎದುರಿಗೆ ಅಂದರು. ಆಮೇಲೆ ಸೀರೆಯ ಗಂಟನ್ನು ತಾವೇ ಬಿಚ್ಚಿದರು. ಶೇರವಾನಿಯ ತೋಳು ಹುಡುಕಿ, ತೂತಿನ ಅಂಚಿಗೆ ಬೆರಳಿಟ್ಟರು.

“ಈಗ ಇದು ನಿಂದು. ಹೇಳು, ಎಷ್ಟಕ್ಕ ಕೊಡ್ತಿ?”

ಶೇರವಾನಿಯನ್ನು ನನ್ನ ಕಡೆ ಎಳೆದುಕೊಂಡೆ.

“ಖಾಲಾ, ಈ ಮಾಲು ಸಸ್ತಾ ಸಿಗಂಗಿಲ್ರಿ,” ಅಂದೆ.

“ಸಸ್ತಾ ಇಲ್ಲ? ಹುಳ ತಿಂದದ ನೋಡು ಇಲ್ಲಿ.”

“ಹುಳ ನಿಮ್ಮ ಕಣ್ಣಾಗ ಬಿದ್ದದ. ಅದು ಬೀಡಿ ಸುಟ್ಟದ್ದು.”

“ಬೀಡಿ? ಯಾರದು ಬೀಡಿ? ಹ್ಯಾಂಗ ಸುಟ್ತು? ಹೇಳು, ನನ್ನ ಸೊಸಿ ಕೇಳ್ಲಿ.”

ನಾನು ಹೇಳಿದೆ. ಮುಚ್ಚಿಟ್ಟ ಬೀಡಿ, ಸೀದ ವಾಸನೆ, ಅಡುಗೆಯವರ ಮೇಲೆ ಬಿದ್ದ ಜನ, ಎಲ್ಲ. ಹೆಂಗಸರು ನಕ್ಕರು. ನಸ್ರೀನ್ ನಗಲಿಲ್ಲ. ಬೋಗುಣಿ ಹಿಡಿದುಕೊಂಡು ನಿಂತೇ ಇದ್ದಳು.

ನಾನು ಹೊರಟಾಗ ತಿರುವಿನ ತನಕ ಹಿಂದೆ ಬಂದಳು.

“ಮೌಶಿ, ಅದು ಮಾರೋದಿದ್ದಿಲ್ಲೇನು?”

“ಇಲ್ಲವ್ವ.”

“ಮತ್ತ ನೀವ್ಯಾಕ ತಗೊಂಡ್ರಿ?”

“ನಾ ತಗೊಳ್ಳದಿದ್ರ ಆಟೋದಾಂವ ತಗೋತಿದ್ದ.”

ಅವಳು ಸೆರಗಿನಿಂದ ಕಣ್ಣು ಒರೆಸಿಕೊಂಡು ಹಿಂದೆ ಹೋದಳು.

ದೀಪಾವಳಿಯ ಮುಂಚೆ ದತ್ತು ಆಟೋ ತಂದು ನೇರ ಆ ಓಣಿಯಲ್ಲೇ ನಿಲ್ಲಿಸಿದ. ನಾನು ಶರಣಮ್ಮನ ಬಾಗಿಲಲ್ಲಿದ್ದೆ. “ಓಣಿ ಯಾರದು ಅನ್ನೋದು ಗಿರಾಕಿ ಹೇಳ್ಲಿ, ವೈನಿ,” ಎಂದು ಭೋಂಗಾ ಹಚ್ಚಿದ. ನಸ್ರೀನ್ ಹೊರಗೆ ಬಂದಳು.

“ಅಣ್ಣಾ, ಅದನ್ನ ಬಂದ್ ಮಾಡು. ನಮ್ಮ ಅತ್ತಿ ಕಣ್ಣಿಂದು ಆಪರೇಶನ್ ಆಗ್ಯಾದ, ಮಲಗ್ಯಾರ. ನಮ್ಮ ಓಣಿಗಿ ಮೌಶಿ ಬರ್ತಾರ. ಬ್ಯಾರೆಯವರು ಬ್ಯಾಡ.”

ಕಣ್ಣಿನ ಆಪರೇಶನ್ನಿಗೂ ಭೋಂಗಾಕ್ಕೂ ಏನು ಸಂಬಂಧವೋ, ದತ್ತು ಕೇಳಲಿಲ್ಲ. ಎದುರು ಮನೆ, ಮೂಲೆ ಮನೆ, ಎಲ್ಲ ಬಾಗಿಲುಗಳನ್ನು ಒಮ್ಮೆ ನೋಡಿದ. ಯಾರೂ ಬಟ್ಟೆ ಹಿಡಿದು ಬರಲಿಲ್ಲ. ಆಟೋ ತಿರುಗಿಸಿಕೊಂಡು ಹೋದ. ಆ ವರ್ಷ ನಾನು ಅವನ ಮನೆಗೆ ಹೋಗಲಿಲ್ಲ. ದೀಪಾವಳಿಗೆ ತಗಡಿನ ಕೋಣೆಯಲ್ಲಿ ಒಬ್ಬಳೇ ದೀಪ ಹಚ್ಚಿದೆ. ಓಣಿ ನನ್ನದಾಯಿತು. ಹಬ್ಬದ ದಿನ ಯಾರೂ ಪಾತ್ರೆಯವಳನ್ನು ಕರೆಯುವುದಿಲ್ಲ, ಅದು ಬೇರೆ ಮಾತು.

ಮುಂದೆ ಹಲವು ವರ್ಷ ನಾನು ಆ ಶೇರವಾನಿಯನ್ನು ಗುರುವಾರ ಗುರುವಾರ ಹೊತ್ತುಕೊಂಡು ಹೋದೆ. ಖಾಲಾ ಅದಕ್ಕೆ ಹಳೇ ಕೊಡೆ ಕೊಡುತ್ತೇನೆಂದರು, ಕಾಲು ಮುರಿದ ಕುರ್ಚಿ ಕೊಡುತ್ತೇನೆಂದರು, ಒಮ್ಮೆ ಮಗನನ್ನೇ ಕೊಡುತ್ತೇನೆಂದರು. ನಾನು ಒಪ್ಪಲಿಲ್ಲ. ತೋಳಿನ ಮೇಲೆ ಕೈಯಾಡಿಸಿ ಮಡಚಿ ಕೊಡುವವರು ಅವರೇ. ಅವರು ತೀರಿಕೊಂಡಾಗ ನಸ್ರೀನ್ ಫೋನು ಮಾಡಿದಳು. ಬುಟ್ಟಿ ಇಲ್ಲದೆ ಹೋಗಿ ಹೆಂಗಸರ ಹಿಂದೆ ನಿಂತು ಬಂದೆ. ಆಮೇಲೆ ಶೇರವಾನಿ ಕೊಡಲು ಹೋದರೆ ಅವಳು ತೆಗೆದುಕೊಳ್ಳಲಿಲ್ಲ. “ನಿಮ್ಮ ಹತ್ರಾನೇ ಇರ್ಲಿ ಮೌಶಿ,” ಅಂದಳು, ಚಹಾ ಕೊಟ್ಟಳು. ಕಟ್ಟೆಯ ಮೇಲೆ ಕುಳಿತು ಕುಡಿದೆ. ಅವಳಿಗೆ ಚೌಕಾಶಿ ಬರುವುದಿಲ್ಲ, ನನಗೆ ಬೇರೆ ಮಾತು ಬರುವುದಿಲ್ಲ. ಮಂಡಿ ಸವೆದ ಮೇಲೆ ಬುಟ್ಟಿ ಬಿಟ್ಟು ಮಗಳ ಮನೆಗೆ ಬಂದೆ. ಇಲ್ಲಿ ಮನೆ ತುಂಬ ಜನ, ಎಲ್ಲರ ಕೈಯಲ್ಲೂ ಮೊಬೈಲು.

ಕವಿತಾ ಕನ್ನಡಿಯಿಂದ ಹಿಂದೆ ಬಂದಳು. “ಆಯಿ, ಇಂಥಾವು ಈಗ ಮೊಬೈಲಿನಾಗ ಮಾರ್ತಾರ. ಫೋಟೋ ಹಾಕಲೇನು? ಎಷ್ಟಕ್ಕ ಕೊಡ್ತಿ?”

ಎದೆ ಒಮ್ಮೆ ಎದ್ದು ಕುಳಿತ ಹಾಗಾಯಿತು. ಆ ಮಾತು ಕೇಳಿ ಎಷ್ಟೋ ವರ್ಷವಾಗಿತ್ತು.

“ನೀ ಎಷ್ಟು ಕೊಡ್ತಿ, ಹೇಳು,” ಅಂದೆ.

ಅವಳು ಮೊಬೈಲಿನಲ್ಲಿ ಏನೋ ಹುಡುಕಿ ಒಂದು ಬೆಲೆ ಹೇಳಿದಳು. ಕಡಿಮೆಯೇನಲ್ಲ.

ನಾನು ಕಾದೆ. ಅವಳು ಶೇರವಾನಿಯನ್ನು ನನ್ನ ತೊಡೆಯ ಮೇಲೆ ಹಾಕಿ, ಅಂಗಡಿಗೆ ಹೊತ್ತಾಯಿತು ಎಂದು ಸೀರೆ ಹುಡುಕತೊಡಗಿದಳು. ತೋಳಿನ ತೂತು ಮೇಲೇ ಇತ್ತು. ಹೇಗೆ ಆಯಿತು ಎಂದು ಅವಳು ಕೇಳಲಿಲ್ಲ.

“ಕೊಡೋದಿಲ್ಲ,” ಅಂದೆ. ಎರಡು ಹೊಸ ಗುಳಿಗೆ ಹಾಕಿ, ಮಡಚಿ, ಟ್ರಂಕು ಮುಚ್ಚಿದೆ.